ಒದ್ದೆ ಕಾಲಿನವರ ಊರು

ಇಳಿಯಬಹುದು, ನೋಡಬಹುದು, ನುಡಿಯಬಾರದು. ಆ ಊರಿಗೆ ಇದ್ದದ್ದು ಇದೊಂದೇ ಕಟ್ಟಳೆ. ಅದನ್ನು ಮುರಿಯದವರು ಆ ಊರಿನಲ್ಲಿ ಯಾರೂ ಇರಲಿಲ್ಲ.

ಈ ಮೂರು ಮಾತುಗಳನ್ನು ಕೊಳದ ಮೊದಲ ಮೆಟ್ಟಿಲಿನ ಮೇಲೆ ಕೆತ್ತಿದ್ದರು. ಇಳಿಯುವವರು ಬಗ್ಗಿ ಅಕ್ಷರಗಳಿಗೆ ಕುಂಕುಮ ಹಚ್ಚುತ್ತಿದ್ದರು, ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು, ಆಮೇಲೆ ಇಳಿದು ಹೋಗಿ ಮಾತಾಡಿ ಬರುತ್ತಿದ್ದರು. ಎಷ್ಟೋ ತಲೆಮಾರುಗಳ ಕುಂಕುಮ ಅಕ್ಷರಗಳ ಗೀರಿನಲ್ಲಿ ಗಟ್ಟಿಯಾಗಿ ಕೂತು ಕಲ್ಲು ನುಣ್ಣಗಾಗಿತ್ತು. ಓದಲು ಹೋದರೆ ಬೆರಳಿಗೆ ಏನೂ ಸಿಗುತ್ತಿರಲಿಲ್ಲ. ಬೆರಳು ಮಾತ್ರ ಕೆಂಪಾಗುತ್ತಿತ್ತು.

ಊರಿನ ಬೀದಿಗಳೆಲ್ಲ ಆ ಕೊಳಕ್ಕೇ ಇಳಿಯುತ್ತಿದ್ದವು. ಎತ್ತ ಹೊರಟರೂ ನಾಲ್ಕು ತಿರುವು ಕಳೆದ ಮೇಲೆ ಎದುರಿಗೆ ಕೊಳ. ನಲವತ್ತು ಮೆಟ್ಟಿಲು. ಮೆಟ್ಟಿಲು ಮುಗಿಯುವಲ್ಲಿ ನೀರು, ನೀರಿನ ಅಂಚಿಗೆ ನಾಲ್ಕು ಕಂಬದ ಒಂದು ಮಂಟಪ. ವಯಸ್ಸಿಗೆ ಬಂದ ಪ್ರತಿಯೊಬ್ಬ ಗಂಡೂ ಪ್ರತಿಯೊಬ್ಬ ಹೆಣ್ಣೂ ಆ ಮಂಟಪದಲ್ಲಿ ಒಂದು ಹಗಲು ಒಂಟಿಯಾಗಿ ಕೂರಬೇಕು. ಸೂರ್ಯ ಹುಟ್ಟಿದಾಗ ಕೂತರೆ ಮುಳುಗುವವರೆಗೂ ಏಳುವಂತಿಲ್ಲ, ಹಿಂದೆ ತಿರುಗುವಂತಿಲ್ಲ. ಬೆನ್ನು ಮೆಟ್ಟಿಲಿಗೆ, ಮುಖ ಎರಡು ದೀಪಕ್ಕೆ. ಕೂತವರನ್ನು ಬಯಸಿದ ಇಬ್ಬರು ತಮ್ಮ ಕೈಯಾರೆ ಹೊಸೆದ ಬತ್ತಿ ಕಳಿಸಿರುತ್ತಾರೆ. ಎಡಗಡೆ ಒಬ್ಬರದ್ದು, ಬಲಗಡೆ ಒಬ್ಬರದ್ದು. ಹೊತ್ತು ಮುಳುಗುವುದರೊಳಗೆ ಒಂದು ದೀಪವನ್ನು ಊದಿ ನಂದಿಸಬೇಕು. ಇನ್ನೊಂದನ್ನು ಕೈಯಲ್ಲಿ ಹಿಡಿದು ಮೇಲಕ್ಕೆ ಬರಬೇಕು. ಗಂಡು ಹಿಡಿದು ತಂದದ್ದು ಆ ಹೆಣ್ಣಿನ ದೀಪವೂ, ಹೆಣ್ಣು ಹಿಡಿದು ತಂದದ್ದು ಆ ಗಂಡಿನ ದೀಪವೂ ಆದರೆ ಮದುವೆ.

ಹಾಗೆ ಕೂತ ದಿನದಿಂದ ಇಪ್ಪತ್ತನೆಯ ವರ್ಷಕ್ಕೆ ಪ್ರತಿಯೊಬ್ಬರಿಗೂ ಒಮ್ಮೆ ಇಳಿಯುವ ಅವಕಾಶ. ಇಳಿಯುವುದು ಹಿಮ್ಮುಖವಾಗಿ, ಮುಖ ಊರಿಗೆ, ಬೆನ್ನು ನೀರಿಗೆ. ಪ್ರತಿ ಮೆಟ್ಟಿಲಿಗೂ ಅರ್ಧ ವರ್ಷ ಕಳಚಿಕೊಳ್ಳುತ್ತದೆ. ಕೊನೆಯ ಮೆಟ್ಟಿಲಿನಲ್ಲಿ ನೀರು ಕಾಲಿನ ಗಂಟನ್ನು ಮುಟ್ಟುತ್ತದೆ. ಆಗ ತಿರುಗಿದರೆ ಮಂಟಪದಲ್ಲಿ ಎರಡು ದೀಪದ ಮುಂದೆ ಅಂದಿನ ತಾನೇ ಕೂತಿರುವುದು ಕಾಣುತ್ತದೆ. ಕಾಲು ಒದ್ದೆಯಾಗಿರುವಷ್ಟು ಹೊತ್ತು ಅಲ್ಲಿರಬಹುದು. ಕಾಲು ಒಣಗಿತೋ, ಮತ್ತೆ ಮೇಲಿನ ಮೆಟ್ಟಿಲಿನಲ್ಲಿ, ಇಂದಿನಲ್ಲಿ ನಿಂತಿರುತ್ತಾರೆ. ಅಲ್ಲಿನ ಗಾಳಿಯಲ್ಲಿ ಒಂದು ಮಾತು ನಿಲ್ಲುತ್ತದೆ. ಎರಡನೆಯದು ನೀರಿನ ಸದ್ದಾಗಿಹೋಗುತ್ತದೆ.

ಒಂದು ಮಾತು ಸಾಕಾಗಿತ್ತು. ಎಡ, ಅಥವಾ ಬಲ.

ಹೀಗಾಗಿ ಆ ಊರಿನಲ್ಲಿ ದೀಪ ನೋಡಿದವರೇ ಇರಲಿಲ್ಲ. ಮಂಟಪದಲ್ಲಿ ಕೂತವರು ಮನೆಯಿಂದ ಕಟ್ಟಿಕೊಟ್ಟ ಅವಲಕ್ಕಿ ತಿಂದು, ಕಂಬಕ್ಕೆ ಒರಗಿ ತೂಕಡಿಸುತ್ತಿದ್ದರು. ಹಿಂದಿನಿಂದ ಕಲ್ಲಿನ ಮೇಲೆ ಒದ್ದೆ ಕಾಲಿನ ಪಚ ಪಚ ಸದ್ದು ಬರುತ್ತಿತ್ತು. ತಮ್ಮದೇ ದನಿ, ಸ್ವಲ್ಪ ದಪ್ಪಗಾದದ್ದು, ‘ಎಡ’ ಅನ್ನುತ್ತಿತ್ತು. ಇವರು ಬಲಗಡೆಯದನ್ನು ಊದಿ ಮತ್ತೆ ತೂಕಡಿಸುತ್ತಿದ್ದರು.

ಎಡದೊಂದಿಗೆ ಇಪ್ಪತ್ತು ವರ್ಷ ಬಾಳಿ ಬೇಸತ್ತವರು ಇಳಿದು ‘ಬಲ’ ಅನ್ನುತ್ತಿದ್ದರು. ಮೇಲೆ ಬಂದರೆ ಬೇರೆ ಮನೆ, ಬೇರೆ ಹೊಸಿಲು, ಬೇರೆ ಮಕ್ಕಳು. ಆ ಬಾಳಿನಲ್ಲೂ ಇಪ್ಪತ್ತನೆಯ ವರ್ಷ ಬರುತ್ತಿತ್ತು. ಆಗ ಇಳಿದು ‘ಎಡ’ ಅನ್ನುತ್ತಿದ್ದರು. ಹೇಳಿದ ಮಾತು ಅವರಿಗೆ ನೆನಪಿರುತ್ತಿತ್ತು, ಹೇಳುವ ಮುಂಚೆ ಏನಿತ್ತೆಂಬುದು ಇರುತ್ತಿರಲಿಲ್ಲ. ಅಳಿದುಳಿದದ್ದು ಇಷ್ಟೇ: ಊಟಕ್ಕೆ ಕೂತಾಗ ಒಂದು ತಟ್ಟೆ ಹೆಚ್ಚಾಗಿ ಇಟ್ಟುಬಿಡುತ್ತಿದ್ದರು. ಯಾರಿಗೆ ಅಂತ ತಿಳಿಯದೆ ಸ್ವಲ್ಪ ಹೊತ್ತು ಅದನ್ನೇ ನೋಡಿ ಎತ್ತಿಡುತ್ತಿದ್ದರು. ಆ ಊರಿನ ಪ್ರತಿ ಮನೆಯಲ್ಲೂ ಹಾಗೆ ಇಟ್ಟು ಎತ್ತಿದ ತಟ್ಟೆಯ ಸದ್ದು ಕೇಳುತ್ತಿತ್ತು.

ಹಣತೆಯವಳು ಮಂಟಪದಲ್ಲಿ ಕೂತ ದಿನ ಅವಳಿಗೆ ಇಪ್ಪತ್ತು. ಜೇಡಿಮಣ್ಣಿನಲ್ಲಿ ಹಣತೆ ಮಾಡುವುದು ಅವಳ ಕೆಲಸ. ಎದುರಿಗಿದ್ದ ಎರಡು ಹಣತೆಗಳೂ ಅವಳು ಮಾಡಿದವೇ. ಎಡಗಡೆ ಕನ್ನಡಿಯವನ ಬತ್ತಿ: ಕೂದಲಿನಷ್ಟು ಸಣ್ಣ, ಅಲುಗದ ಉರಿ. ಬಲಗಡೆ ಹಗ್ಗದವನ ಬತ್ತಿ: ಗಂಟು ಗಂಟು, ದಪ್ಪ, ಉರಿಗಿಂತ ಹೊಗೆಯೇ ಹೆಚ್ಚು.

ಅವಳು ಒದ್ದೆ ಕಾಲಿನ ಸದ್ದಿಗೆ ಕಾದಳು. ಹೊತ್ತು ಏರಿತು. ಸದ್ದಿಲ್ಲ. “ಬಂದೆಯಾ?” ಅಂತ ಕೇಳಿದಳು. ನೆತ್ತಿಯ ಮೇಲಿನ ಸೂರ್ಯ ಕೆಳಗಿಳಿದ. “ಬಂದೆಯಾ?” ಅಂತ ಮತ್ತೆ ಕೇಳಿದಳು. ಮೂರನೆಯ ಸಲ ಕೇಳಿದಾಗ ಅವಳು ಅಳುತ್ತಿದ್ದಳು. ಯಾರೂ ಉತ್ತರ ಕೊಡಲಿಲ್ಲ.

ಅಷ್ಟರಲ್ಲಿ ಹಗ್ಗದವನ ಬತ್ತಿ ಎಣ್ಣೆಯಲ್ಲಿ ಮುಳುಗುತ್ತಿತ್ತು. ಬೆರಳಿನಿಂದ ಮೇಲೆಳೆದಳು. ಮತ್ತೆ ಮುಳುಗಿತು, ಮತ್ತೆ ಎಳೆದಳು. ಕುಡಿ ಚಿವುಟಿದಳು, ಬೈದಳು. ಕೇಳುವವರಿಲ್ಲ, ಹೇಳುವವರಿಲ್ಲ, ಮಾಡಲು ಬೇರೆ ಕೆಲಸವೂ ಇಲ್ಲ. ಸಂಜೆಯ ಹೊತ್ತಿಗೆ ಅವಳ ಎರಡು ಬೆರಳು ಮಸಿಯಾಗಿ ಕಪ್ಪಾಗಿದ್ದವು. ಎಡಗಡೆಯ ದೀಪಕ್ಕೆ ಅವಳ ಅಗತ್ಯವೇ ಬಿದ್ದಿರಲಿಲ್ಲ. ಸೂರ್ಯ ಮುಳುಗುವಾಗ ಅವಳು ಅದನ್ನು ಊದಿದಳು. ಯಾಕೆಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಕಪ್ಪು ಬೆರಳು ತೋರಿಸುತ್ತಿದ್ದಳು.

ಎದ್ದು ತಿರುಗಿದಾಗ ಅವಳು ಒಂದನ್ನು ಗಮನಿಸಿದಳು. ಮಂಟಪದ ನೆಲದ ತುಂಬ ಒಂದು ಬೆರಳು ಧೂಳು. ಅವಳ ಬೆನ್ನ ಹಿಂದೆ, ಕೈಗೆ ಎಟಕುವಷ್ಟು ದೂರದಲ್ಲಿ, ಒಂದೇ ಒಂದು ಕಲ್ಲು ಧೂಳಿಲ್ಲದೆ ಶುಭ್ರವಾಗಿತ್ತು. ಗಾಳಿ ಇರಬೇಕು ಅಂದುಕೊಂಡಳು. ದೀಪ ಹಿಡಿದು ಮೇಲೆ ಬಂದಳು.

ಮೇಲೆ ಮಂಟಪದಮ್ಮ ಕಾದಿದ್ದಳು. ಯಾರು ಯಾವಾಗ ಕೂರಬೇಕು, ಯಾರ ಬತ್ತಿ ಯಾರಿಗೆ ಹೋಗಬೇಕು ಅಂತ ನೋಡಿಕೊಳ್ಳುವವಳು ಅವಳು.

“ಬಂದವರು ಯಾವ ಕಡೆ ಅಂತ ಹೇಳಿದರೇ?”

“ಯಾರೂ ಬರಲಿಲ್ಲ.”

ಮಂಟಪದಮ್ಮ ಹಿಡಿದಿದ್ದ ಅವಳ ರಟ್ಟೆ ಬಿಟ್ಟಳು. ಬಿಟ್ಟ ಕೈಯನ್ನು ತನ್ನ ಸೆರಗಿಗೆ ಒರೆಸಿಕೊಂಡಳು.

ಇಪ್ಪತ್ತು ವರ್ಷದೊಳಗೆ ಸಾಯುತ್ತಾಳೆ, ಅದಕ್ಕೇ ಯಾರೂ ಬಂದಿಲ್ಲ ಅಂತ ಊರು ಹೇಳಿತು. ಅವಳು ಸಾಯಲಿಲ್ಲ. ವರ್ಷ ಕಳೆದಂತೆ, ತನ್ನನ್ನು ಕಂಡರೆ ತನಗೇ ಆಗದವಳು ಅಂತ ಹೇಳಿತು. ಅವಳ ಹೆಸರೇ ‘ಯಾರೂ ಬರದವಳು’ ಅಂತ ಆಯಿತು. ಮಂಟಪಕ್ಕೆ ಅವಳ ಹಣತೆ ತರಿಸುವುದನ್ನು ನಿಲ್ಲಿಸಿದರು. ಕೊಟ್ಟಿಗೆಗೆ, ಹಿತ್ತಲಿಗೆ ಅಂತ ಕೊಳ್ಳುವವರು ಬೆಳಕು ಹರಿಯುವ ಮುಂಚೆ ಬಂದು ಕೊಂಡು ಹೋಗುತ್ತಿದ್ದರು.

ಹಗ್ಗದವನೂ ತಾನು ಕೂತ ದಿನ ಅವಳ ದೀಪವನ್ನೇ ಹಿಡಿದು ಬಂದಿದ್ದ. ಅವರ ಮದುವೆ ಆಯಿತು. ಮೊದಲ ವರ್ಷದಲ್ಲೇ ಅವನು ಹೇಳಿದ:

“ಅವತ್ತು ನನಗೆ ‘ಎಡ’ ಅಂದರು. ಎಡಗಡೆ ನಿನ್ನ ಬತ್ತಿ ಇತ್ತು.”

“ಹೇಳದೆ ಇದ್ದಿದ್ದರೆ?”

ಅವನು ಹೊಸೆಯುತ್ತಿದ್ದ ಕೈ ನಿಲ್ಲಿಸಿದ. “ಅದನ್ನೇ ನಾನೂ ಕೇಳಿಕೊಳ್ತೀನಿ. ನಿನ್ನ ಕಂಡರೆ ನನಗೆ ಇಷ್ಟ, ಅದರಲ್ಲಿ ಸುಳ್ಳಿಲ್ಲ. ಆದರೆ ಆ ಇಷ್ಟ ನನ್ನದೋ, ಬಂದು ಹೇಳಿ ಹೋದವನದೋ? ಬಿಚ್ಚಿ ನೋಡೋಣ ಅಂದರೆ ಎರಡು ಎಳೆನೂ ಸೇರಿಸಿ ಹೊಸೆದುಬಿಟ್ಟಿದೆ.”

“ಬಿಚ್ಚೋದು ಯಾಕೆ, ಹಗ್ಗ ಗಟ್ಟಿಯಾಗಿದ್ದರೆ ಸಾಲದಾ?”

“ನಿನಗೇನು, ಅಂತೀಯ. ನಿನಗೆ ಗೊತ್ತಿದೆ.” ಅವನು ನಕ್ಕ, ಆದರೆ ಅವಳ ಮುಖ ನೋಡಲಿಲ್ಲ. “ಈ ಊರಲ್ಲಿ ಅಷ್ಟು ಗಂಡಸರಿದ್ದಾರಲ್ಲ, ಅವರಲ್ಲಿ ಒಬ್ಬ ಹೆಣ್ಣುಮಗಳು ನಿಜವಾಗಿ ಬೇಕು ಅಂತ ಎತ್ತಿಕೊಂಡು ಬಂದದ್ದು ನನ್ನೊಬ್ಬನನ್ನೇ. ನನ್ನ ಬತ್ತಿ ನೋಡಿಯೂ! ಅಂಥ ಭಾಗ್ಯವಂತ ನಾನು. ನಿನಗೆ ವಾಪಸ್ಸು ಕೊಡೋಕೆ ನನ್ನ ಹತ್ತಿರ ಅದೇ ಇಲ್ಲ.”

ಇಪ್ಪತ್ತನೆಯ ವರ್ಷ ಬಂತು. ಅವಳಿಗಿಂತ ಒಂದು ತಿಂಗಳು ಮುಂಚೆ ಕೂತವನು ಅವನು. ಇಳಿಯುವ ಸರದಿಯೂ ಅವನದೇ ಮೊದಲು.

“ನಾನು ಮಾತಾಡಲ್ಲ ಕಣೆ,” ಅಂದ. “ನೋಡಿಬಿಡ್ತೀನಿ, ಆ ಹುಡುಗ ತಾನಾಗೇ ಏನು ಮಾಡ್ತಾನೆ ಅಂತ. ಬಾಯಿಗೆ ಹಗ್ಗ ಕಚ್ಚಿಕೊಂಡೇ ಇಳೀತೀನಿ.”

ಹೇಳಿದಂತೆಯೇ ಒಂದು ಗೇಣು ಹಗ್ಗ ಕಚ್ಚಿಕೊಂಡು ಹಿಮ್ಮುಖವಾಗಿ ಇಳಿದ. ಮೇಲೆ ಬಂದಾಗ ಬಾಯಲ್ಲಿ ಹಗ್ಗ ಇರಲಿಲ್ಲ.

“ಎಲ್ಲಿ ಹಗ್ಗ?”

“ನೀರಿಗೆ ಬಿತ್ತು.” ಮೆಟ್ಟಿಲಿನ ಮೇಲೇ ಕೂತು ಅತ್ತ. “ಆ ಹುಡುಗ ಬಲಗಡೆ ದೀಪದ ಕಡೆ ಒಂದು ಸಲ ನೋಡಿದ. ಒಂದೇ ಸಲ. ಅಷ್ಟಕ್ಕೇ ನನ್ನ ಜೀವ ಬಾಯಿಗೆ ಬಂತು. ಸುಮ್ಮನಿದ್ದು ಮೇಲೆ ಬಂದರೆ ನೀನು ಇರ್ತೀಯೋ ಇಲ್ಲವೋ, ನಮ್ಮ ಮಗಳು ಇರ್ತಾಳೋ ಇಲ್ಲವೋ. ಹೇಳಿಬಿಟ್ಟೆ ಕಣೆ.”

ಪ್ರೀತಿಯಿಂದ ಮುರಿದದ್ದೂ ಮುರಿದದ್ದೇ. ಅದು ಅವನಿಗೂ ಗೊತ್ತಿತ್ತು. ಇಲ್ಲದಿದ್ದರೆ ಅಷ್ಟು ಅಳುತ್ತಿರಲಿಲ್ಲ. ಆ ಹುಡುಗ ಎರಡನೆಯ ಸಲ ಎತ್ತ ನೋಡುತ್ತಿದ್ದ ಎಂಬುದು ಇನ್ನು ಯಾವ ಕಾಲಕ್ಕೂ ತಿಳಿಯುವಂತಿರಲಿಲ್ಲ.

ಅವರ ಮಗಳಿಗೆ ಆಗ ಹದಿನೆಂಟು. ಆ ವರ್ಷ ಮಂಟಪದಲ್ಲಿ ಕೂರಬೇಕಾದವಳು. ಬೇರೆ ಮನೆಗಳಿಗೆಲ್ಲ ಬತ್ತಿ ಬಂದವು, ಅವಳಿಗೆ ಬರಲಿಲ್ಲ. ಹಣತೆಯವಳು ಇಳಿಯುವುದಕ್ಕೆ ಮೂರು ದಿನ ಮುಂಚೆ ಮಂಟಪದಮ್ಮ ತಾನಾಗಿಯೇ ಮನೆಗೆ ಬಂದಳು. ಇಪ್ಪತ್ತು ವರ್ಷದಲ್ಲಿ ಬಂದದ್ದು ಅದೇ ಮೊದಲು. ಚಾಪೆ ಹಾಸಿದರೂ ಕೂರಲಿಲ್ಲ.

“ಬತ್ತಿ ಬಂದಿದೆ ಕಣೇ,” ಅಂದಳು. “ಒಂದಲ್ಲ, ಎರಡು. ನನ್ನ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದೀನಿ. ಯಾರೂ ಬರದವಳ ಮಗಳನ್ನ ಮಂಟಪಕ್ಕೆ ಕೂರಿಸಿದೆ ಅಂತ ನಾಳೆ ಊರು ನನ್ನ ಮುಖಕ್ಕೆ ಉಗೀಬಾರದು ನೋಡು.”

“ನನ್ನ ಮಗಳದೇನು ತಪ್ಪು, ಅಮ್ಮಾವರೇ?”

“ಯಾರದೂ ತಪ್ಪಿಲ್ಲ. ಅದಕ್ಕೇ ಹೇಳೋಕೆ ಬಂದೆ. ಇಳೀತೀಯಲ್ಲ, ಒಂದು ಮಾತು ಹೇಳಿ ಬಾ. ‘ಬಲ’ ಅನ್ನು, ಸಾಕು. ಗಂಡನ್ನ ಬದಲಾಯಿಸು ಅಂತ ನಾನು ಹೇಳ್ತಿದೀನಾ? ಇವನೇ ಇರ್ತಾನೆ. ಇವಳೇ ಇರ್ತಾಳೆ. ಈ ಒಲೆ, ಈ ಚಾಪೆ, ಎಲ್ಲ ಇದ್ದ ಹಾಗೇ. ಯಾರೋ ಬಂದಿದ್ದರು ಅಂತ ಊರಿಗೆ ನೆನಪಾಗುತ್ತೆ, ಅಷ್ಟೇ. ನಿನ್ನ ಹಣತೆ ಮತ್ತೆ ಮಂಟಪಕ್ಕೆ ಬರುತ್ತೆ. ಮಗಳು ಕೂರ್ತಾಳೆ. ಏನು ಕಳ್ಕೋತೀಯ ಹೇಳು.”

“ಕಟ್ಟಳೆ ಇದೆಯಲ್ಲ, ನುಡಿಯಬಾರದು ಅಂತ.”

ಮಂಟಪದಮ್ಮ ಬಾಯಿ ತುಂಬ ನಕ್ಕಳು. “ಅಯ್ಯೋ, ಅದಕ್ಕೆ ದಿನಾ ಕುಂಕುಮ ಹಚ್ಚಲ್ವೇನೇ ನಾವು!”

ಅವಳು ಹೋದ ಮೇಲೆ ಮಗಳು ಬಾಗಿಲ ಹಿಂದಿನಿಂದ ಬಂದಳು. ಎಲ್ಲ ಕೇಳಿಸಿಕೊಂಡಿದ್ದಳು.

“ಒಂದು ಬತ್ತಿ ಯಾರದು ಅಂತ ನನಗೆ ಗೊತ್ತಮ್ಮ. ಗಂಟೆ ಎರಕ ಹೊಯ್ತಾರಲ್ಲ, ಅವರ ಮಗ. ಹೊಸೀವಾಗ ಮೂರು ಸಲ ಕೈ ಸುಟ್ಟುಕೊಂಡನಂತೆ.”

“ಬತ್ತಿ ಹೊಸೆಯೋಕೆ ಬೆಂಕಿ ಯಾಕೆ ಬೇಕಿತ್ತು ಅವನಿಗೆ?”

“ಹೊಸೆದು ಹೊಸೆದು ಹಚ್ಚಿ ನೋಡ್ತಿದ್ದನಂತೆ.” ಹೇಳುತ್ತ ಅವಳಿಗೆ ನಗು ಬಂತು. ನಗು ಅರ್ಧದಲ್ಲೇ ನಿಂತಿತು. “ಹೇಳಿಬಿಡಮ್ಮ. ಒಂದೇ ಮಾತಲ್ವಾ? ನನ್ನ ಕೂರೋಕೇ ಬಿಡಲ್ಲ ಅಂದರೆ ಆ ಪೆಟ್ಟಿಗೆಯಲ್ಲೇ ಕೊಳೆಯುತ್ತೆ ಅದು.”

ಹಣತೆಯವಳು ಆಗ ಹಸಿ ಮಣ್ಣು ಮಿದಿಯುತ್ತಿದ್ದಳು. ಎರಡು ಹಣತೆ ಮಾಡಿ ಹಲಗೆಯ ಮೇಲಿಟ್ಟಳು.

“ಮಂಟಪದಲ್ಲೇ ಕೂರಬೇಕು ಅಂತ ಆ ಕಲ್ಲಿನ ಮೇಲೆ ಎಲ್ಲೂ ಕೆತ್ತಿಲ್ಲ,” ಅಂದಳು. “ನಮ್ಮ ಹೊಸಿಲಲ್ಲೂ ದೀಪ ಉರಿಯುತ್ತೆ.”

“ಹೊಸಿಲಲ್ಲಿ ಕೂತರೆ ನನಗೆ ಯಾರು ಬರ್ತಾರೆ?”

“ಯಾರೂ ಬರಲ್ಲ.”

ಮಗಳು ದುರುಗುಟ್ಟಿ ನೋಡಿದಳು. “ನಿನಗೆ ನಿನ್ನ ಕಪ್ಪು ಬೆರಳೇ ದೊಡ್ಡದು,” ಅಂದಳು. ಆ ಹೊತ್ತು ಊಟಕ್ಕೆ ಕೂರಲಿಲ್ಲ. ಗಂಡ ಹಗ್ಗ ಹೊಸೆಯುತ್ತಲೇ ಇದ್ದ. “ನನಗೆ ನಿನ್ನ ತಡೆಯೋ ಮುಖವೂ ಇಲ್ಲ, ಕಳಿಸೋ ಮುಖವೂ ಇಲ್ಲ,” ಅಂದ. ಒಂದು ಗಂಟು ಬಿಗಿದು, “ಆದರೂ ಹುಡುಗಿ ನಮ್ಮದಲ್ವಾ. ಹೇಳಿ ಬಾ,” ಅಂದ.

ಮೂರನೆಯ ದಿನ ಹೊತ್ತು ಏರಿದ ಮೇಲೆ ಅವಳು ಕೊಳಕ್ಕೆ ಬಂದಳು. ಹೇಳುವುದೆಂದು ತೀರ್ಮಾನ ಮಾಡಿಕೊಂಡೇ ಬಂದಿದ್ದಳು. ಮಗಳ ಮುಂದೆ ಅವಳ ಎರಡು ಬೆರಳಿನ ಮಸಿ ಎಷ್ಟರದು!

ಮೊದಲ ಮೆಟ್ಟಿಲಿನಲ್ಲಿ ಮೆಟ್ಟಿಲಜ್ಜ ನಿಂತಿದ್ದ. ಎಷ್ಟೋ ವರ್ಷದ ಹಿಂದೆ ತಾನೂ ಇಳಿದು ಮಾತಾಡಿ ಬಂದವನು. ಮೇಲೆ ಬಂದಾಗ ಯಾವ ಮನೆಗೆ ಹೋಗಬೇಕೆಂದು ತೋಚದೆ ಅಲ್ಲೇ ನಿಂತ, ಆಮೇಲೆ ಅದೇ ಅವನ ಕೆಲಸವಾಯಿತು. ಊರಿನಲ್ಲೂ ಇಲ್ಲದೆ ನೀರಿನಲ್ಲೂ ಇಲ್ಲದೆ ನಿಂತವನಾದ್ದರಿಂದ, ಬದಲಾಗುವ ಮುಂಚೆ ಏನಿತ್ತೆಂಬುದು ಅವನೊಬ್ಬನಿಗೆ ನೆನಪಿರುತ್ತಿತ್ತು.

“ಬಾ ತಾಯಿ. ಯಾರೂ ಬರದವಳು ನೀನೇ ಅಲ್ವಾ?” ಕುಂಕುಮದ ಬಟ್ಟಲು ಮುಂದೆ ಹಿಡಿದ.

“ಅಜ್ಜ, ಒಂದು ಕೇಳ್ತೀನಿ. ಅವತ್ತು ನನಗೆ ಯಾರೂ ಬಂದಿರಲಿಲ್ಲ. ಅಂದಮೇಲೆ ಇವತ್ತು ನನ್ನ ಬಾಯಿಂದ ಮಾತು ಹೊರಡೋಕೆ ಸಾಧ್ಯವಾ? ಎಲ್ಲ ಮೊದಲೇ ಆಗಿಹೋಗಿದ್ದರೆ ನಾನು ಇಳಿದು ಏನು ಬಂತು?”

“ಹೊರಡದೆ ಏನು! ಗಡ್ಡದವನು ಒಬ್ಬ ಇಳಿದ, ನುಣ್ಣಗೆ ಬೋಳಿಸಿಕೊಂಡವನು ಮೇಲೆ ಬಂದ. ಆ ಹೆಂಡತಿಗೆ ಗಡ್ಡ ಆಗುತ್ತಿರಲಿಲ್ಲವಂತೆ. ನಾನೇ ನೋಡಿದೀನಿ. ಕೆಳಗೆ ಯಾರ ನಾಲಿಗೆನೂ ಯಾರೂ ಕಟ್ಟಿಲ್ಲ. ಬಾಯಿ ಬಿಟ್ಟರೆ ಬಿಟ್ಟ ಹಾಗೆ, ಮುಚ್ಚಿದರೆ ಮುಚ್ಚಿದ ಹಾಗೆ.”

“ಮುಚ್ಚಿಕೊಂಡೇ ಬಂದವರು ಇದಾರಾ?”

“ನಾನು ಕಂಡಿಲ್ಲ.” ಮುದುಕ ಬಟ್ಟಲನ್ನು ಕೆಳಗಿಟ್ಟ. “ನೀನು ಹೇಳಿ ಬಂದರೆ ಒಂದು ಆಗುತ್ತೆ, ಗೊತ್ತಿರಲಿ. ಯಾರೋ ಹೇಳಿದ್ದಕ್ಕೆ ಇವನನ್ನ ಕಟ್ಟಿಕೊಂಡೆ ಅಂತಲೇ ನಿನಗೂ ನೆನಪಿರುತ್ತೆ. ಒಂಟಿಯಾಗಿ ಕೂತಿದ್ದದ್ದು, ಅತ್ತದ್ದು, ನೀನೇ ನೋಡಿ ಎತ್ತಿಕೊಂಡದ್ದು ಯಾವುದೂ ಇರಲ್ಲ. ಕಳ್ಕೊಂಡೆ ಅಂತ ಅನ್ನಿಸೋದೂ ಇಲ್ಲ. ಊಟಕ್ಕೆ ಒಂದು ತಟ್ಟೆ ಹೆಚ್ಚಿಗೆ ಇಡ್ತೀಯ, ಅಷ್ಟೇ.”

ಅವಳು ಬಗ್ಗಲಿಲ್ಲ, ಕುಂಕುಮ ಹಚ್ಚಲಿಲ್ಲ. ನೀರಿಗೆ ಬೆನ್ನು ಮಾಡಿ ಮೊದಲ ಹೆಜ್ಜೆ ಇಟ್ಟಳು.

ಊರು ಅವಳೆದುರಿಗೆ ಮೇಲೆ ಮೇಲೆ ಹೋಯಿತು. ಹತ್ತನೆಯ ಮೆಟ್ಟಿಲಿನಲ್ಲಿ ಮಗಳ ದನಿ ಎಳೆಯದಾಗಿ ಕೇಳಿತು. ಮೂವತ್ತೆರಡನೆಯದರಲ್ಲಿ ತೊದಲಾಗಿ ಕೇಳಿತು. ಮೂವತ್ತಾರನೆಯ ಮೆಟ್ಟಿಲಿನಲ್ಲಿ ಒಂದು ಹಸುಗೂಸು ಚೀರಿತು. ಮೂವತ್ತೇಳನೆಯದರಲ್ಲಿ ಆ ಸದ್ದು ಇರಲಿಲ್ಲ, ಮಗಳೂ ಇರಲಿಲ್ಲ. ಅವಳು ಒಂದು ಕ್ಷಣ ಆ ಮೆಟ್ಟಿಲಿನಲ್ಲೇ ನಿಂತಳು. ವಾಪಸ್ಸು ಹತ್ತಲು ಬರುತ್ತಿರಲಿಲ್ಲ. ಇಳಿದಳು. ನಲವತ್ತನೆಯದರಲ್ಲಿ ತಣ್ಣನೆಯ ನೀರು ಕಾಲಿನ ಗಂಟನ್ನು ಮುಟ್ಟಿತು. ತಿರುಗಿದಳು.

ಹುಡುಗಿ ಅಲ್ಲಿ ಕೂತಿದ್ದಳು.

ಜಡೆಯ ತುದಿಗೆ ಕಟ್ಟಿದ್ದ ಕೆಂಪು ನೂಲು ಅವಳಿಗೆ ಗುರುತು ಸಿಕ್ಕಿತು. ಹೆಗಲು ಅಷ್ಟು ಸಣ್ಣದಾಗಿತ್ತೆಂಬುದು ಅವಳಿಗೆ ಮರೆತೇಹೋಗಿತ್ತು. ಸೂರ್ಯ ನೆತ್ತಿಯಿಂದ ಆಗಲೇ ಕೆಳಗಿಳಿದಿದ್ದ. ಎಡಗಡೆ ಅಲುಗದ ಉರಿ, ಬಲಗಡೆ ಹೊಗೆ. ಅವಳು ಹೆಜ್ಜೆ ಒತ್ತಿ ಇಡಲಿಲ್ಲ. ಮಗು ಮಲಗಿರುವ ಕೋಣೆಗೆ ಬರುವಂತೆ ತುದಿಗಾಲಿನಲ್ಲಿ ಮಂಟಪಕ್ಕೆ ಹತ್ತಿದಳು. ಒಳಗೆ ಅವಳು ಇಟ್ಟದ್ದು ಎರಡೇ ಹೆಜ್ಜೆ, ಎರಡೂ ಒಂದೇ ಕಲ್ಲಿನ ಮೇಲೆ. ಕೈ ಚಾಚಿದರೆ ಜಡೆ ಸಿಗುತ್ತಿತ್ತು.

“ಬಂದೆಯಾ?” ಅಂದಳು ಹುಡುಗಿ.

ಅದು ಮೂರನೆಯ ಸಲದ್ದು. ದನಿಯಲ್ಲಿ ಅಳು ಇತ್ತು.

ಹಣತೆಯವಳು ಬಾಯಿ ತೆರೆದಳು. ಮಾತು ನಾಲಿಗೆಯ ಮೇಲೆ ಬಂದು ನಿಂತಿತ್ತು. ನಾಲಿಗೆಯನ್ನು ಯಾರೂ ಕಟ್ಟಿರಲಿಲ್ಲ. ಮುದುಕ ಹೇಳಿದ್ದು ನಿಜ. ಮಗಳಿಗಾಗಿ ಅಷ್ಟೇ ಅಲ್ಲ, ಈ ಹುಡುಗಿಗಾಗಿಯೂ ಹೇಳಬೇಕೆನ್ನಿಸಿತು. ಬಂದೆ ಕಣೆ, ಹೆದರಬೇಡ, ನಿನ್ನನ್ನು ಕಂಡರೆ ನನಗೆ ಆಗದೆ ಏನು. ಆದರೆ ಅಷ್ಟು ಮಾತಿಗೆ ಅಲ್ಲಿ ಜಾಗವಿರಲಿಲ್ಲ. ಇದ್ದದ್ದು ಒಂದಕ್ಕೆ.

ಆಗ ಬಲಗಡೆಯ ಬತ್ತಿ ಎಣ್ಣೆಯಲ್ಲಿ ಮುಳುಗಿ ಚಟಪಟ ಅಂದಿತು.

ಹುಡುಗಿ ಮೂಗು ಒರೆಸಿಕೊಂಡಳು. ಬೆನ್ನ ಹಿಂದಿನ ಸದ್ದಿಗೆ ಕಾದಿದ್ದ ಅವಳ ತಲೆ ಆ ದಿನ ಮೊದಲ ಸಲ ದೀಪದ ಕಡೆ ಬಾಗಿತು. ಬೆರಳು ಚಾಚಿ ಬತ್ತಿಯನ್ನು ಮೇಲೆಳೆದಳು. ಸುಟ್ಟಿತೇನೋ, ಬೆರಳನ್ನು ಬಾಯಿಗಿಟ್ಟುಕೊಂಡಳು.

“ಥೂ, ಏನು ಬತ್ತಿ ಹೊಸೆದಿದಾನೋ ಮಹಾರಾಯ,” ಅಂದಳು.

ಹಗ್ಗದವನ ಬಗ್ಗೆ ಅವಳು ಆಡಿದ ಮೊದಲ ಮಾತು ಅದು. ಇಪ್ಪತ್ತು ವರ್ಷ ಆಡಿದ ಮಾತೆಲ್ಲ ಅಲ್ಲಿಂದ ಶುರುವಾಗಿತ್ತು.

ಹಣತೆಯವಳ ಬಾಯಿ ತೆರೆದೇ ಇತ್ತು. ಅವಳು ಕಂಡಳು: ಈಗ ‘ಬಲ’ ಅಂದರೆ ಹುಡುಗಿ ಅಳು ನಿಲ್ಲಿಸುತ್ತಾಳೆ. ನಗುತ್ತಾಳೆ. ಎಡಗಡೆಯದನ್ನು ಊದಿ, ಅವಲಕ್ಕಿಯ ಗಂಟು ಬಿಚ್ಚಿ ತಿಂದು, ಕಂಬಕ್ಕೆ ಒರಗುತ್ತಾಳೆ. ಆ ಬತ್ತಿ ಇನ್ನೊಮ್ಮೆ ಮುಳುಗಿದಾಗ ಅವಳ ಕೈ ಅತ್ತ ಹೋಗುವುದಿಲ್ಲ. ಸಂಜೆ ಅದೇ ದೀಪವನ್ನೇ ಹಿಡಿದು ಮೇಲೆ ಬರುತ್ತಾಳೆ, ಅದೇ ಮನೆಗೇ ಹೋಗುತ್ತಾಳೆ. ಬೆರಳು ಬಿಳಿಯಾಗಿರುತ್ತದೆ.

ಬಾಯಿ ಮುಚ್ಚಿದಳು.

ಹುಡುಗಿ ಬತ್ತಿಯ ಕುಡಿ ಚಿವುಟಿದಳು. ಉರಿ ಸ್ವಲ್ಪ ಮೇಲೆದ್ದಿತು. ಅವಳು ಅದನ್ನು ನೋಡುತ್ತ ಕೂತಳು. ಹಣತೆಯವಳು ಅವಳನ್ನು ನೋಡುತ್ತ ನಿಂತಳು. ಇಳಿಯಬಹುದಿತ್ತು, ಇಳಿದಿದ್ದಳು. ನೋಡಬಹುದಿತ್ತು, ನೋಡಿದ್ದಳು.

ಆಮೇಲೆ ಅವಳು ತನ್ನ ಕಾಲ ಕೆಳಗೆ ನೋಡಿಕೊಂಡಳು.

ಧೂಳಿನಲ್ಲಿ ಎರಡು ಒದ್ದೆ ಪಾದ ಮೂಡಿದ್ದವು. ಐದೈದು ಬೆರಳು, ಹಿಮ್ಮಡಿ, ಎಲ್ಲ ಸ್ಪಷ್ಟ. ಅವು ಒಣಗಿದರೂ ಕೆಸರಿನ ಗುರುತು ಉಳಿಯುತ್ತದೆ. ಸಂಜೆ ಹುಡುಗಿ ಎದ್ದು ತಿರುಗುತ್ತಾಳೆ, ಕಾಣುತ್ತಾಳೆ. ಮೇಲೆ ಹೋಗಿ ಮಂಟಪದಮ್ಮನಿಗೆ ಹೇಳುತ್ತಾಳೆ: ಬಂದಿದ್ದರು, ಏನೂ ಹೇಳಲಿಲ್ಲ, ಆದರೆ ಬಂದಿದ್ದರು. ಅಷ್ಟು ಸಾಕು. ಪೆಟ್ಟಿಗೆಯಿಂದ ಬತ್ತಿ ಹೊರಗೆ ಬರುತ್ತದೆ. ಮಗಳು ಮಂಟಪದಲ್ಲಿ ಕೂರುತ್ತಾಳೆ. ನುಡಿಯಬಾರದು ಅಂತ ತಾನೇ ಇದ್ದದ್ದು? ಅವಳು ನುಡಿದಿರಲಿಲ್ಲ. ಕಲ್ಲಿನ ಮೇಲೆ ಹೆಜ್ಜೆ ಬಿಡಬಾರದು ಅಂತ ಯಾರೂ ಕೆತ್ತಿರಲಿಲ್ಲ. ಅವಳು ಮಗಳಿಗೆ ‘ಮಂಟಪದಲ್ಲೇ ಅಂತ ಎಲ್ಲೂ ಕೆತ್ತಿಲ್ಲ’ ಅಂದಿದ್ದಳಲ್ಲ, ಹಾಗೆಯೇ ಇದೂ.

ಒಂದು ಪಾದವನ್ನು ಹಿಂದಿನ ಮೆಟ್ಟಿಲಿಗಿಟ್ಟಳು. ಗುರುತು ಅಲ್ಲೇ ಉಳಿಯಿತು.

ಎಲ್ಲರಿಗೂ ಬಂದಂತೆ ತನಗೂ ಬಂದವರಿದ್ದರು ಅಂತ ತಿಳಿದ ಹುಡುಗಿ, ನಾಳೆಯಿಂದ ಯೋಚಿಸುತ್ತಾಳೆ: ನಾನು ಎಡಗಡೆಯದನ್ನು ಊದಿದಾಗ ಹಿಂದೆ ನಿಂತವಳು ಬೇಡ ಅನ್ನಲಿಲ್ಲ, ಅಂದರೆ ಸರಿ ಅಂದಂತೆಯೇ. ಇಪ್ಪತ್ತು ವರ್ಷ ಆ ಹೆಜ್ಜೆಯ ಗುರುತನ್ನು ತಿರುಗಿಸಿ ತಿರುಗಿಸಿ ಓದುತ್ತಾಳೆ. ನಾಲಿಗೆ ಹೇಳದ್ದನ್ನು ಕಾಲು ಹೇಳಿದರೂ ಅದು ಹೇಳಿದ್ದೇ.

ಅವಳು ಮಂಡಿಯೂರಿದಳು. ಸೆರಗಿನ ತುದಿ ಹಿಡಿದಳು. ಕಲ್ಲಿನ ಹತ್ತಿರ ಬಂದ ಕೈ ಅಲ್ಲೇ ನಿಂತಿತು.

ಈ ಕಲ್ಲು ಅವಳಿಗೆ ಗೊತ್ತಿತ್ತು. ಅವತ್ತು ಸಂಜೆ ಎದ್ದು ತಿರುಗಿದಾಗ ಧೂಳಿಲ್ಲದೆ ಕಂಡ ಕಲ್ಲು, ಗಾಳಿ ಇರಬೇಕು ಅಂದುಕೊಂಡದ್ದು, ಇದೇ. ಹಾಗಾದರೆ ಇದೂ ಆಗಿಹೋದದ್ದೇ? ಈ ಸೆರಗು, ಈ ಕೈ, ಮಂಡಿಗೆ ಚುಚ್ಚುತ್ತಿರುವ ಈ ಮರಳು, ಎಲ್ಲ ಯಾರೋ ಮೊದಲೇ ಹೊಸೆದಿಟ್ಟದ್ದೇ? ಹುಡುಗಿಯ ಮುಂದೆ ಎರಡು ದೀಪವಾದರೂ ಇದ್ದವು, ತನ್ನ ಮುಂದೆ ಒಂದೇ ಕಲ್ಲು ಅನ್ನಿಸಿತು.

ಆದರೆ ಗಡ್ಡದವನು ಬೋಳಿಸಿಕೊಂಡು ಮೇಲೆ ಬಂದಿದ್ದ. ಇಲ್ಲಿ ಯಾರ ನಾಲಿಗೆಯೂ ಕಟ್ಟಿರಲಿಲ್ಲ, ಯಾರ ಕೈಯೂ. ಎದ್ದು ಹೋಗಬಹುದಿತ್ತು. ಎರಡು ಪಾದ ಅಲ್ಲೇ ಬಿಟ್ಟು ಕಾಲು ಒಣಗುವವರೆಗೂ ಸುಮ್ಮನೆ ನಿಂತಿರಬಹುದಿತ್ತು. ಕೈ ಅವಳದೇ ಆಗಿತ್ತು. ಮೇಲೆ ಹಲಗೆಯ ಮೇಲೆ ಎರಡು ಹಸಿ ಹಣತೆ ಒಣಗುತ್ತಿದ್ದವು, ಅವುಗಳ ಪಕ್ಕದಲ್ಲಿ ಮುನಿಸಿಕೊಂಡ ಮಗಳು ಕೂತಿರುತ್ತಾಳೆ.

ಹುಡುಗಿ ಮತ್ತೆ ಬತ್ತಿ ಎಳೆದಳು. ಈ ಸಲ ಬೈಯಲಿಲ್ಲ.

ಹಣತೆಯವಳು ಕಲ್ಲನ್ನು ಒರೆಸಿದಳು. ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ, ಬೆರಳಿನ ಗುರುತೂ ಉಳಿಯದಂತೆ, ಧೂಳೂ ಉಳಿಯದಂತೆ, ಸದ್ದಾಗದಂತೆ ಒರೆಸಿದಳು. ಆಮೇಲೆ ಮಂಟಪದ ಹೊರಗಿನ ಮೆಟ್ಟಿಲಿಗೆ ಸರಿದು ಕೂತು, ಹುಡುಗಿಯ ಬೆನ್ನನ್ನೇ ನೋಡುತ್ತ, ಸೆರಗಿನ ಒಣ ತುದಿಯಿಂದ ತನ್ನ ಬಲಗಾಲು ಒರೆಸಿಕೊಂಡಳು. ಎಡಗಾಲು ಒರೆಸಿಕೊಂಡಳು.